ಎರಡು ಉಂಡೆ ಬೆಲ್ಲ

ದುದ್ದ,
ತಾ. ೯-೧-೧೯೭೫, ಗುರುವಾರ

ಪ್ರೀತಿಯ ಯಜಮಾನರಿಗೆ, ನಿಮ್ಮ ಮಂಗಳ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಭದ್ರಾವತಿಯ ಕುಲುಮೆ ಮುಂದೆ ಬೆವೆತು ಹಾಗೇ ಚಳಿಗೆ ಬರಬೇಡಿ ಅಂದರೆ ಕೇಳುವವರಲ್ಲ ನೀವು. ಮಫ್ಲರು ಕೊಡಿಸಿದ್ದು ಟ್ರಂಕಿನಲ್ಲಿ ಮಡಿಸಿಡುವುದಕ್ಕಲ್ಲ. ಇಲ್ಲಿ ನಾನು ಚೆನ್ನಾಗಿದ್ದೇನೆ. ರೂಢಿಗೆ ಬರೆದದ್ದಲ್ಲ, ನಿನ್ನೆಯಿಂದ ಅದು ನಿಜವೇ ಆಗಿದೆ.

ನೀವು ದೀಪಾವಳಿಗೆ ಬಂದು ಹೋದ ಮೇಲೆ ಒಂದು ದಿನ ನೀರು ಹುಯ್ದುಕೊಳ್ಳುವಾಗ ಎದೆಯಲ್ಲಿ ಸಣ್ಣ ಗಂಟೊಂದು ಕೈಗೆ ಸಿಕ್ಕಿತು. ಗಾಬರಿಯಾಗಬೇಡಿ, ಪೂರ್ತಿ ಓದಿ. ನೋವಿರಲಿಲ್ಲ. ಬೆರಳಿಟ್ಟರೆ ಹಿತಕಿದ ಅವರೆಕಾಳಿನ ಹಾಗೆ ಜಾರಿ ಆಚೆ ಹೋಗುತ್ತಿತ್ತು. ಆಮೇಲಿನ ದಿನಗಳನ್ನು ಎಚ್ಚರದಲ್ಲಿ ಕಳೆದೆನೋ ಕನಸಿನಲ್ಲೋ ಹೇಳಲಾರೆ. ಕೆರೆಯ ಮೇಲೆ ಬಿಸಿಲು ತೇಲುವುದನ್ನು ನೋಡುತ್ತ ನಿಂತರೆ ಬಿಂದಿಗೆ ತುಂಬಿದ್ದೂ ತಿಳಿಯುತ್ತಿರಲಿಲ್ಲ. ಕಬ್ಬಿನ ಗರಿ ಸರಸರ ಅಂದರೆ ಯಾರೋ ನನ್ನ ಹೆಸರು ಹಿಡಿದು ಮೆಲ್ಲಗೆ ಕರೆದಂತೆ ಅನ್ನಿಸುತ್ತಿತ್ತು. ಮಲಗಿದರೆ ಅವರೆ ಹೊಲದ ಕನಸು. ಸೊಗಡು ಘಮ್ಮೆನ್ನುತ್ತಿತ್ತು, ಕಾಯಿ ಸುಲಿದರೆ ಒಳಗೆ ಕಾಳೇ ಇರುತ್ತಿರಲಿಲ್ಲ. ನಿಮ್ಮನ್ನು ಇನ್ನು ನೋಡುತ್ತೇನೋ ಇಲ್ಲವೋ ಎಂದು ಬಹಳ ಹೆದರಿದ್ದೆ.

ಒಂದು ಸಂಜೆ ಅತ್ತೆಯ ಜೊತೆ ಕೂತು ಅವರೆ ಹಿತಕುತ್ತಿದ್ದಾಗ ಕಾಳೊಂದು ಬೆರಳಿಂದ ಚಿಮ್ಮಿತು. ಅಳು ತಡೆಯದೆ ಎಲ್ಲ ಹೇಳಿಬಿಟ್ಟೆ. ನಿಮ್ಮ ಅವ್ವನ ಬಾಯಿ ಗೊತ್ತಲ್ಲ, ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯದೆ ಮಾರನೆಯ ಬೆಳಿಗ್ಗೆ ಪಟ್ಟಲಮ್ಮನ ಗುಡಿಯ ಕೊಳಕ್ಕೆ ಕರೆದುಕೊಂಡು ಹೋದರು. ಮೈಮೇಲೆ ಗಂಟೆದ್ದವರು ಅದರಷ್ಟೇ ಗಾತ್ರದ ಬೆಲ್ಲ ಅಲ್ಲಿ ನೀರಿಗೆ ಬಿಡುತ್ತಾರಲ್ಲ, ಬೆಲ್ಲ ಕರಗಿದ ಹಾಗೆ ಗಂಟೂ ಕರಗಲಿ ಎಂದು. ನನ್ನ ಹೆಸರಲ್ಲಿ ಅವರೆಕಾಳಿನಷ್ಟು ಬೆಲ್ಲ ಬಿಟ್ಟರು. ನಾನು ಮೆಟ್ಟಿಲು ಹತ್ತಿ ತಿರುಗಿ ನೋಡಿದಾಗ ಮಡಿಲಿನಿಂದ ಇನ್ನೊಂದು ಉಂಡೆ ತೆಗೆದು ಬಿಡುತ್ತಿದ್ದರು, ನಿಂಬೆಹಣ್ಣಿನಷ್ಟು ದೊಡ್ಡದು. ಯಾರದೆಂದು ಕೇಳಿದೆ. "ಬುಡು, ಯಾರ್ದೋ ಅರಕೆ" ಅಂದರು. ಮಂಜಿನಲ್ಲಿ ಅದು ಮುಳುಗಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಬೆಲ್ಲ ಕರಗಿತು, ನನ್ನ ಗಂಟು ಕರಗಲಿಲ್ಲ. ಮಂಡ್ಯದ ಡಾಕ್ಟರಮ್ಮನಿಗೆ ತೋರಿಸಲು ಹೊರಟಾಗ ಅತ್ತೆಯೂ ಬಸ್ಸು ಹತ್ತಿದರು. ಡಾಕ್ಟರಮ್ಮ ಸಣ್ಣದಾಗಿ ಕುಯ್ದು ಗಂಟು ತೆಗೆದು, ಪರೀಕ್ಷೆಗೆ ಮೈಸೂರಿಗೆ ಕಳಿಸಿದ್ದರು. ನಿನ್ನೆ ಹೋದಾಗ, ಇದು ಕೆಟ್ಟ ಜಾತಿಯದಲ್ಲ, ಹರೆಯದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಬರುತ್ತದೆ, ಇದರಿಂದ ಜೀವಕ್ಕೇನೂ ಇಲ್ಲ ಅಂದರು. ಹಾಗೆಂದು ಮನೆಯಲ್ಲೇ ಕೂತು ಇದು ಒಳ್ಳೆಯದು, ಅದು ಕೆಟ್ಟದ್ದು ಎಂದು ತೀರ್ಮಾನಿಸಬಾರದಂತೆ. ಯಾವ ಗಂಟನ್ನಾದರೂ ತೋರಿಸಬೇಕು, ಜಾರದೆ ಗಟ್ಟಿಯಾಗಿ ಕಚ್ಚಿ ಕೂತದ್ದನ್ನಂತೂ ಮುಚ್ಚಿಡಲೇಬಾರದಂತೆ. ನಾನು ತೇಲಿಕೊಂಡೇ ಮನೆಗೆ ಬಂದೆ. ದಾರಿಯ ಗದ್ದೆ, ಗಾಡಿ, ಬಸರಾಳಿನ ಕಡೆಯ ಮೋಡ, ಎಲ್ಲ ಹೊಸದಾಗಿ ಕಂಡವು. ಅತ್ತೆ ಮಾತ್ರ ಊರು ಬರುವತನಕ ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದರು. ಸುಸ್ತಾಗಿರಬೇಕು ಅಂದುಕೊಂಡೆ.

ಹೊತ್ತಿಗೆ ಸರಿಯಾಗಿ ಉಣ್ಣಿ, ಬೆಚ್ಚಗೆ ಹೊದ್ದು ಮಲಗಿ. ಪಟ್ಟಲಮ್ಮ ನಿಮ್ಮನ್ನು ಕಾಪಾಡಲಿ.

ಇಂತಿ ನಿಮ್ಮ,
ಮಂಗಳ

ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಈಗ ತಾನೇ ಅತ್ತೆಗೆ ಎಣ್ಣೆನೀರು ಹಾಕಿದೆ. ಬೆನ್ನುಜ್ಜುವಾಗ ಕಂಕುಳ ಪಕ್ಕ ಕೈ ತಗುಲಿತು. ನಿಂಬೆಹಣ್ಣಿನಷ್ಟಿದೆ. ಒತ್ತಿದರೂ ಜಾರಲಿಲ್ಲ. ನನ್ನ ಕೈ ಹಿಡಿದುಕೊಂಡು "ನಂದು ಕರಗ್ನಿಲ್ಲ ಕಣಮ್ಮ, ಅವ್ನಿಗೆ ಬರೀಬ್ಯಾಡ" ಅಂದರು. ಎಷ್ಟು ಬೇಡಿದರೂ ಆಸ್ಪತ್ರೆಗೆ ಒಲ್ಲೆ ಅನ್ನುತ್ತಾರೆ. ನೀವು ಕರೆದರೆ ಬಂದೇ ಬರುತ್ತಾರೆ. ಸಂಕ್ರಾಂತಿಗೆ ಕಾಯಬೇಡಿ, ಇದು ಕೈ ಸೇರಿದ ದಿನವೇ ಹೊರಡಿ. ನಾನು ಬರೆದೆನೆಂದು ಹೇಳಬೇಡಿ. ಅವ್ವನ ಕೈಯ ಅವರೆಕಾಳು ಸಾರು ಉಣ್ಣುವ ಆಸೆಯಾಗಿ ಬಂದೆ ಅನ್ನಿ.