ಇನ್ನೂರ ಹನ್ನೆರಡು ಆಕ್ಷೇಪಣೆ

ಇಸ್ತ್ರಿ ಅಂಗಡಿ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಹೆದರಬೇಡ, ನಿನ್ನ ಕಚೇರಿಗೆ ಹಾಕುತ್ತಿಲ್ಲ, ಮನೆಗೇ ಬರುತ್ತದೆ.

ನಿನ್ನೆಯ ಅಹವಾಲು ಸಭೆಯಿಂದ ಬಂದಾಗಿನಿಂದ ನನ್ನ ಮೈಯೆಲ್ಲ ಉರಿಯುತ್ತಿದೆ. ದೊಡ್ಡ ರಸ್ತೆಗಳ ನಿಯಮ ತಿದ್ದುತ್ತೇವೆ, ಜನ ಏನನ್ನುತ್ತಾರೋ ಕೇಳಬೇಕು ಅಂತ ಕರೆದವರು ನಿಮ್ಮ ಇಲಾಖೆಯವರೇ ತಾನೆ? ಹೊಸ ನಿಯಮ ಬಂದರೆ ನಮ್ಮ ಅಂಗಡಿಯೆದುರು ಡಿವೈಡರ್ ನಡುವೆ ದಾಟಲು ಬಿಟ್ಟಿರುವ ಜಾಗ ಮುಚ್ಚಿಹೋಗುತ್ತದೆ. ಆಮೇಲೆ ನಿನ್ನ ಭಾವನ ಗತಿಯೇನು? ಇಸ್ತ್ರಿಯಾದ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಗಾಲಿಕುರ್ಚಿಯ ಚಕ್ರ ತಾವೇ ತಿರುಗಿಸಿಕೊಂಡು ಆಚೆ ಬದಿಯ ಮನೆಗಳಿಗೆ ತಲುಪಿಸಿ ಬರುತ್ತಾರೆ. ಅಪಘಾತ ಆದಮೇಲೆ ಅವರಿಗೆ ಉಳಿದಿರುವ ಕೆಲಸ ಅದೊಂದೇ. ಇನ್ನು ಮೇಲ್ಸೇತುವೆ ಹತ್ತಿ ಹೋಗಬೇಕಂತೆ. ನಲವತ್ನಾಲ್ಕು ಮೆಟ್ಟಿಲು! ಯಾರಪ್ಪಾ ಹತ್ತಿಸುತ್ತಾರೆ, ನಿಮ್ಮ ಸಾಹೇಬರಾ?

ಒಂದೇ ಒಕ್ಕಣೆಯನ್ನು ಜೆರಾಕ್ಸ್ ಮಾಡಿಸಿ, ಮನೆಮನೆ ಸುತ್ತಿ, ಇನ್ನೂರ ಹನ್ನೆರಡು ಜನರ ಸಹಿ ಹಾಕಿಸಿದೆ. ಕಾಲು ಬಾತುಹೋಗಿತ್ತು. ನಿಮ್ಮ ಸಾಹೇಬರು ಆ ಕಟ್ಟನ್ನು ಸರಸರ ತಿರುವಿಹಾಕಿ, ಎಲ್ಲದರಲ್ಲೂ ಇರುವುದು ಒಂದೇ ಮಾತು, ಹಾಗಾಗಿ ಇದೆಲ್ಲ ಸೇರಿ ಒಂದೇ ಆಕ್ಷೇಪಣೆ ಅಂದುಬಿಟ್ಟರು. ಒಂದು! ಪಕ್ಕದಂಗಡಿಯ ಟೈಲರ್ ಎದ್ದು, ಹಾಗಾದ್ರೆ ನಾವೆಲ್ಲ ಸೇರಿ ಒಬ್ಬನೇನಾ ಸಾರ್ ಅಂತ ಕೇಳಿದ. ಎಲ್ಲರೂ ನಕ್ಕರು. ನೀನು ವೇದಿಕೆಯ ಮೂಲೆಯಲ್ಲಿ ಕೂತು ಸಭೆಯ ನಡಾವಳಿ ಬರೆಯುತ್ತಿದ್ದೆ, ತಲೆಯೇ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಗಂಟು ಕಟ್ಟಿಕೊಟ್ಟರೆ ನಿನ್ನ ಭಾವ, ಬೇಡ ಬಿಡು, ಸುಮ್ಮನೆ ಕೂರೋದನ್ನ ಈಗಿಂದಲೇ ಅಭ್ಯಾಸ ಮಾಡ್ಕೋತೀನಿ ಅಂದರು. ನನಗೆ ಅಳು ತಡೆಯಲಾಗಲಿಲ್ಲ ಕಣೋ. ನಾನೇ ಹೊತ್ತುಕೊಂಡು ಹೋಗಿ ಕೊಟ್ಟುಬಂದೆ.

ಶುಕ್ರವಾರದವರೆಗೆ ಗಡುವಿದೆ. ಮತ್ತೆ ಮನೆಮನೆಗೆ ಹೋಗುತ್ತಿದ್ದೇನೆ. ಈ ಸಲ ಒಬ್ಬೊಬ್ಬರೂ ತಮ್ಮ ತಮ್ಮ ಮಾತಲ್ಲೇ ಬರೆಯಲಿ. ಮೂರನೇ ಮನೆಯ ನರ್ಸ್ ಆಗಲೇ ಎರಡು ಹಾಳೆ ಗೀಚಿಕೊಟ್ಟಿದ್ದಾಳೆ. ಅರ್ಧ ಬರೀ ಬೈಗುಳ. ಇರಲಿ, ಅದನ್ನೂ ಎಣಿಸಿಕೊಳ್ಳಲಿ.

ಇಂತಿ,
ಸಿಟ್ಟಿನಲ್ಲಿ ಕುದಿಯುತ್ತಿರುವ ನಿನ್ನ ಅಕ್ಕ

ಇನ್ನೊಂದು ಮಾತು: ಆ ಒಕ್ಕಣೆ ಬರೆದವರ್‍ಯಾರು ಅಂತ ಬೀದಿಯವರೆಲ್ಲ ನನ್ನನ್ನು ಹಿಡಿದು ಕೇಳಿದರು. ನಾನೇ ಅಂದೆ, ದಡ್ಡಿ ಅನ್ನಿಸಿಕೊಂಡೆ. ಬರೆದುಕೊಟ್ಟದ್ದು ನೀನು ಅಂತ ಗೊತ್ತಾದರೆ ನಿನ್ನ ಕೆಲಸಕ್ಕೇ ಕುತ್ತು. ನಿನ್ನ ಭಾವನಿಗೂ ಹೇಳಿಲ್ಲ. ಆದರೆ ನನಗೊಬ್ಬಳಿಗೆ ನಿಜ ಹೇಳು: ಎಲ್ಲರೂ ಒಂದೇ ಥರ ಬರೆದರೆ ಒಂದೇ ಅಂತ ಲೆಕ್ಕ ಹಿಡಿಯುತ್ತಾರೆ ಅನ್ನುವುದು ನಿನಗೆ ಮೊದಲೇ ಗೊತ್ತಿತ್ತಾ?