ನೆಂಟರಿಗಾಗಿ ಬೆಚ್ಚಗಾದ ಮನೆ

ನವೆಂಬರ್ 12, 2020

ಬೆಳಿಗ್ಗೆ ಆಫೀಸಿನ ಕಾಲ್, ಕ್ಯಾಮೆರಾ ಆಫ್. ಮಧ್ಯಾಹ್ನ ನಿನ್ನೆಯ ಸಾರು, ಅನ್ನ. ಹಂಗೇರಿಯ ಕಾದಂಬರಿ ಮೂವತ್ತು ಪುಟ. ಒಂದು ಕಡೆ ಅನುವಾದಕ ತಾನೇ ಒಂದು ವಾಕ್ಯ ಸೇರಿಸಿದ್ದಾನೆಂಬ ಅನುಮಾನ. ಮೂಲ ಭಾಷೆ ಬಾರದಿದ್ದರೂ ತಿಳಿಯುತ್ತದೆ — ಅಲ್ಲಿ ಮಾತ್ರ ಮಾತು ಮೆತ್ತಗಾಗಿದೆ.

ಸಂಜೆ ಬಡಾವಣೆಯ ನೆರವು ತಂಡದ ಮಾರ್ಲೂಸ್ ಫೋನ್. ಕಷ್ಟಕ್ಕೆ ಬಿದ್ದ ಕುಟುಂಬಗಳನ್ನು ಮತ್ತೆ ಸ್ವಂತ ಕಾಲ ಮೇಲೆ ನಿಲ್ಲಿಸುವುದು ಅವರ ಕೆಲಸ. ಕನ್ನಡ ದುಭಾಷಿ ಎಂದು ನನ್ನ ಹೆಸರು ಕೊಟ್ಟಿದ್ದೆ, ಇದೇ ಮೊದಲ ಕರೆ. ತ್ಯಾಗರಾಜ ಎಂಬವರು, ರೆಸ್ಟೋರೆಂಟಿನ ಅಡುಗೆಯವರು. ಲಾಕ್‌ಡೌನ್‌ನಲ್ಲಿ ಕೆಲಸ ಹೋಗಿದೆ. ಹೆಂಡತಿ ಉಷಾ, ಮಗಳು ಗಾನವಿ. ಫೋರ್ಕ್‌ಲಿಫ್ಟ್ ಓಡಿಸುವ ತರಬೇತಿಯಲ್ಲಿ ಒಂದು ಸೀಟ್ ಇದೆ. ಮುಗಿಸಿದರೆ ಗೋದಾಮಿನಲ್ಲಿ ಕೆಲಸ, ಅಲ್ಲಿಯವರೆಗೆ ಮನೆಗೆ ದಿನಸಿ. ಯಾರಿಗೆ ಕೊಡುವುದೆಂದು ಅವರವರ ಅಡುಗೆಮನೆಯ ಮೇಜಿನ ಬಳಿ ಕೂತು, ಮಾತಾಡಿ ನಿರ್ಧರಿಸುತ್ತಾರೆ. ಇಲ್ಲಿನ ಡಚ್ಚರ ಪದ್ಧತಿ.

"ಅವರು ಹೇಳಿದ್ದನ್ನಷ್ಟೇ ಹೇಳಿ," ಎಂದರು ಮಾರ್ಲೂಸ್. ಬೇರೆ ಹೇಗೆ ಹೇಳುತ್ತಾರೆ?

ನವೆಂಬರ್ 16

ಮಾರ್ಲೂಸ್ ಕೊಟ್ಟ ನನ್ನ ನಂಬರಿಗೆ ಉಷಾ ಫೋನ್ ಮಾಡಿದಳು. "ಅಕ್ಕಾ, ಆ ಡಚ್ ಮೇಡಂ ಸ್ವೀಟ್ ತಿಂತಾರಾ? ಮನೆಗ್ ಬಂದೋರನ್ನ ಬರೀ ಬಾಯಲ್ಲಿ ಕಳಿಸಕ್ಕಾಗುತ್ತಾ?"

ಆಮೇಲೆ ದನಿ ತಗ್ಗಿತು. ಹೀಟರ್ ಆರಿಸಿ ತಿಂಗಳಾಯಿತಂತೆ. ಸಂಜೆಯಾದರೆ ಮೂವರೂ ಕೋಟು ಹಾಕಿಕೊಂಡು ಒಂದೇ ಮಂಚದಲ್ಲಿ. ಗಾನವಿ ತಿಂದು ಬಿಟ್ಟಿದ್ದು ಇವಳ ಊಟ.

ಇದನ್ನೇ ಮಾರ್ಲೂಸ್‌ಗೆ ಹೇಳಿ ಎಂದೆ.

"ಹ್ಞೂಂ ಅಕ್ಕಾ. ಇವ್ರು ಹೇಳ್ತಾರೆ. ನಾನ್ ಹೇಳ್ದೆ ಅಂತ ಮಾತ್ರ ಅನ್ಬೇಡಿ."

ನವೆಂಬರ್ 19

ಕಾಪೆಲ್ಲೆಯಲ್ಲಿ ಅವರ ಫ್ಲಾಟ್, ಐದನೇ ಮಹಡಿ. ಬಾಗಿಲು ತೆರೆದೊಡನೆ ಬಿಸಿ ಗಾಳಿ. ಬೆಳಗಿನಿಂದ ಹೀಟರ್ ಹಚ್ಚಿದ್ದಾರೆ, ನಮಗಾಗಿ. ಉಷಾ ರೇಷ್ಮೆ ಸೀರೆಯಲ್ಲಿ. ಮೇಜಿನ ಮೇಲೆ ಕೇಸರಿಬಾತ್, ತುಪ್ಪ ಮಿನುಗುತ್ತಿತ್ತು. ತ್ಯಾಗರಾಜ ಇಸ್ತ್ರಿ ಮಾಡಿದ ಅಂಗಿ, ಹೊಸ ಮಾಸ್ಕ್. ಮಾರ್ಲೂಸ್ ಕೋಟು ಬಿಚ್ಚಿದರು, ಆಮೇಲೆ ಸ್ವೆಟರನ್ನೂ.

ಮಾರ್ಲೂಸ್ ಕೇಳಿದ್ದನ್ನು ಕನ್ನಡಕ್ಕೆ ತಂದೆ: ಊಟ ತಪ್ಪುವುದುಂಟೆ?

"ಅಡುಗೆ ಭಟ್ಟನ ಮನೇಲಿ ಊಟ ತಪ್ಪುತ್ತಾ? ಬಂದೋರಿಗೂ ಬಡಿಸಿ ಕಳಿಸ್ತೀವಿ ಅಂತ ಹೇಳಿ ಮೇಡಂ," ಎಂದರು ತ್ಯಾಗರಾಜ.

ಹೇಳಿದೆ. ಮಾರ್ಲೂಸ್ ನಕ್ಕರು. ಮನೆ ಬೆಚ್ಚಗಿಡಲು ಆಗುತ್ತಿದೆಯೆ?

"ನೋಡ್ತಾನೇ ಇದಾರಲ್ಲ. ಬೆವರ್ತಾ ಇದಾರೆ, ಪಾಪ."

ಹೇಳಿದೆ. ಯಾವ ನೆರವು ಬೇಕು?

"ದೇವರ ದಯೆ, ಏನೂ ಕಮ್ಮಿ ಇಲ್ಲ. ಆ ಟ್ರೇನಿಂಗ್ ಕೊಟ್ರೆ ಸಂತೋಷ. ಕೊಡದಿದ್ರೂ ಬೇಜಾರಿಲ್ಲ."

ನಮ್ಮಲ್ಲಿ ಕೇಳುವುದೇ ಹೀಗೆ. ಕೇಳಿಸಿಕೊಂಡವರು ಒತ್ತಾಯ ಮಾಡಿ ಕೊಡಬೇಕು. ಮಾರ್ಲೂಸ್ ಒತ್ತಾಯ ಮಾಡಲಿಲ್ಲ, ತಲೆಯಾಡಿಸಿ ಬರೆದುಕೊಂಡರು. ಉಷಾ ಕಡೆ ನೋಡಿದೆ. ತಲೆ ಎತ್ತದೆ ಕೇಸರಿಬಾತ್ ಬಡಿಸುತ್ತಿದ್ದಳು.

ನಾನು ಒಂದು ಪದವನ್ನೂ ಸೇರಿಸಲಿಲ್ಲ.

ನವೆಂಬರ್ 27

ಸೀಟ್ ಬೇರೆ ಕುಟುಂಬಕ್ಕೆ. "ಇವರು ತಾವೇ ನಿಭಾಯಿಸುತ್ತಿದ್ದಾರೆ, ಅದೇ ಒಳ್ಳೆಯ ಸುದ್ದಿ," ಎಂದರು ಮಾರ್ಲೂಸ್. ಮೂವರ ಕಾಲ್‌ನಲ್ಲಿ ಅದನ್ನು ಕನ್ನಡದಲ್ಲಿ ಹೇಳಿದೆ. ಆ ಕಡೆ ತ್ಯಾಗರಾಜ ಇದ್ದರು.

"ಆಯ್ತು ಮೇಡಂ. ಅವರಿಗೆ ಥ್ಯಾಂಕ್ಸ್ ಹೇಳ್ಬಿಡಿ."

ಹೇಳಿದೆ.

ಫೆಬ್ರವರಿ 9, 2021

ಹಿಮ. ಟ್ರಾಮ್ ಇಲ್ಲ. ಓದಲು ಮನಸ್ಸಿಲ್ಲ.

ಉಷಾ ಫೋನ್. ಸೂಪರ್‌ಮಾರ್ಕೆಟ್‌ನಲ್ಲಿ ತಲೆ ಸುತ್ತಿ ನೆಲಕ್ಕೇ ಕೂತುಬಿಟ್ಟಳಂತೆ. ಮಾಸ್ಕ್‌ನಿಂದ ಇರಬೇಕು ಎಂದಳು. ಬೆಳಗಿನಿಂದ ಏನು ತಿಂದೆ ಎಂದು ಕೇಳಿದೆ. "ಗಾನವಿ ತಿಂದ್ಲು ಅಕ್ಕಾ," ಎಂದಳು. ಹಿಂದೆ ಮಗು ಕೆಮ್ಮುತ್ತಿತ್ತು.

ಮಾರ್ಲೂಸ್‌ಗೆ ಫೋನ್ ಮಾಡಿದೆ. ಇನ್ನೊಮ್ಮೆ ಹೋಗಿ ಬರೋಣ ಎಂದೆ, ಅಷ್ಟೇ. ದಿನಸಿ ನಾಳೆಯೇ ಕಳಿಸಬಹುದು, ಮಾರ್ಚ್‌ನ ತರಬೇತಿಯಲ್ಲೂ ಸೀಟ್ ಇದೆ. ಆದರೆ ಬೇಕೆಂಬ ಮಾತು ಅವರ ಬಾಯಿಂದಲೇ ಬರಬೇಕಂತೆ.

ಫೆಬ್ರವರಿ 11, ಸಂಜೆ

ಮನೆ ಮತ್ತೆ ಬೆಚ್ಚಗೆ. ಈ ಸಲ ಬರೀ ಟೀ, ಹಾಲಿಲ್ಲದ್ದು. "ಇಲ್ಲಿಯವರು ಹಿಂಗೇ ಕುಡಿಯೋದಲ್ವಾ," ಎಂದು ತ್ಯಾಗರಾಜ ನಕ್ಕರು. ಅಂಗಿ ಅದೇ. ಒಳಗಿನ ಮನುಷ್ಯ ಸಣ್ಣಗಾಗಿದ್ದಾರೆ.

ಮಾರ್ಲೂಸ್ ಕೇಳಿದರು: ಏನಾದರೂ ಬೇಕೆ?

"ಏನೂ ತೊಂದ್ರೆ ಇಲ್ಲ ಅಂತ ಹೇಳಿ ಮೇಡಂ."

ನಾನು ಡಚ್ಚಿನಲ್ಲಿ ಹೇಳಿದೆ: ಹೀಟರ್ ಹಚ್ಚಿದ್ದು ನಮಗಾಗಿ. ಮಗು ತಿನ್ನಲೆಂದು ತಾಯಿ ತಿನ್ನುತ್ತಿಲ್ಲ. ತರಬೇತಿ ಬೇಕು. ದಿನಸಿ ಬೇಕು.

ತ್ಯಾಗರಾಜ ಆರು ವರ್ಷ ಇಲ್ಲಿನ ಅಡುಗೆಮನೆಗಳಲ್ಲಿ ದುಡಿದವರು. ಅಷ್ಟು ಡಚ್ ಅವರಿಗೆ ಅರ್ಥವಾಗುತ್ತದೆ. ಲೋಟ ಕೆಳಗಿಟ್ಟರು.

"ನಾನ್ ಹಂಗಂದ್ನಾ? ಮೇಡಂ ಸುಳ್ಳು ಹೇಳ್ತಿದಾರೆ ಅಂತ ಹೇಳಿ ಅವರಿಗೆ. ನೀವೇ ಹೇಳಿ."

ಏನಂದರು, ಎಂದರು ಮಾರ್ಲೂಸ್. ನಾನು ಸುಳ್ಳು ಹೇಳಿದೆ ಎನ್ನುತ್ತಿದ್ದಾರೆ — ಅನುವಾದಿಸಿದೆ.

ಮಾರ್ಲೂಸ್ ಉಷಾ ಕಡೆ ತಿರುಗಿದರು. ಯಾವುದು ನಿಜ? ಅದನ್ನು ಕನ್ನಡಕ್ಕೆ ತಂದೆ. ಉಷಾ ಗಂಡನ ಮುಖ ನೋಡಿದಳು. ಅವರು ಗೋಡೆ ನೋಡುತ್ತಿದ್ದರು.

"ನಮಗೇನೂ ಕಮ್ಮಿ ಇಲ್ಲ ಅಕ್ಕಾ."

ಅದನ್ನೂ ಹೇಳಿದೆ.

ಮಾರ್ಲೂಸ್ ಕೋಟು ಹಾಕಿಕೊಂಡರು. ಇನ್ನು ಮೇಲೆ ಬೇರೆ ದುಭಾಷಿಯನ್ನು ನೋಡಬೇಕಾಗುತ್ತದೆ ಎಂದರು. ಸಿಟ್ಟಿರಲಿಲ್ಲ. ತ್ಯಾಗರಾಜ ಬಾಗಿಲವರೆಗೆ ಬಂದು ಕೈಮುಗಿದರು, ಮಾರ್ಲೂಸ್‌ಗೆ ಮಾತ್ರ.

ಲಿಫ್ಟ್ ಬಾಗಿಲು ಮುಚ್ಚುವ ಮುಂಚೆ ಉಷಾ ಚಪ್ಪಲಿ ಇಲ್ಲದೆ ಓಡಿಬಂದಳು. ಮಾರ್ಲೂಸ್ ನನ್ನೊಡನೆ ಒಳಗಿದ್ದರು, ಅರ್ಥವಾಗದೆ ನನ್ನನ್ನೇ ನೋಡುತ್ತ.

"ಅಕ್ಕಾ, ಇವ್ರು ಮನೇಲಿ ಇಲ್ದಾಗ ಇನ್ನೊಂದ್ಸಲ ಬರ್ತಾರಾ, ಕೇಳಿ?"

ನಾನು ಡಚ್ಚಿನಲ್ಲಿ ಬಾಯಿ ತೆರೆದೆ. ಮಾರ್ಲೂಸ್ ಕೈ ಎತ್ತಿ ತಡೆದರು. ನಿಮ್ಮ ಅನುವಾದ ಸಾಕು ಎಂಬಂತೆ. ಬಾಗಿಲು ಮುಚ್ಚಿಕೊಂಡಿತು.