ಡೋನ್ಯಾ ಫೆಯ ಹಿಂಬಾಗಿಲು

ಎಸ್ತಾನ್ಸಿಯ
ಅಕ್ಟೋಬರ್ ೧೨, ಭಾನುವಾರ, ಚರ್ಚಿನಿಂದ ಬಂದಮೇಲೆ

ನನ್ನ ಮುದ್ದಿನ ಜೊವೆಲಿನ್,

ಹೇಗಿದ್ದೀಯ ಮಗಳೇ? ಕೆಮ್ಮು ಹೋಯಿತೆ? ಸೆಬುವಿನ ಆಫೀಸಿನಲ್ಲಿ ಏಸಿ ನಿನ್ನ ತಲೆಯ ಮೇಲೇ ಇದೆ ಅಂದಿದ್ದೆ, ಕುತ್ತಿಗೆಗೆ ಬಟ್ಟೆ ಸುತ್ತಿಕೊ. ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ಮೊನ್ನೆ ಒಂದು ಕೆಟ್ಟ ಕನಸು ಬಿತ್ತು. ಲಾಂಚಿನ ಕೆಳಗಿನ ಅಂತಸ್ತಿನಲ್ಲಿದ್ದೆ, ನೀರು ನುಗ್ಗುತ್ತಿತ್ತು, ಎಲ್ಲರೂ ಬಾಗಿಲನ್ನು ನೂಕುತ್ತಿದ್ದರು. ಹತ್ತಿರ ಹೋದರೆ ಅದು ಬಾಗಿಲೇ ಅಲ್ಲ, ಗೋಡೆಯ ಮೇಲೆ ಬರೆದ ಬಾಗಿಲಿನ ಚಿತ್ರ. ನಿನ್ನಪ್ಪನಿಗೆ ಹೇಳಿದರೆ, "ಅಷ್ಟೊಂದು ಒಣಮೀನು ತಿಂದು ಮಲಗಿದ್ರೆ ಲಾಂಚೇನು, ತಿಮಿಂಗಿಲಾನೂ ಬರುತ್ತೆ ಕನಸಲ್ಲಿ" ಎಂದರು. ನಗಲಿಲ್ಲ ಮಾತ್ರ.

ಕಳೆದ ಸಲ ನೀನು ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಬಿಚ್ಚಿ ತೋರಿಸಿದ್ದನ್ನು ಮೀನುಮಾರ್ಕೆಟ್ಟಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ಸ್ಕ್ರಿಪ್ಟ್ ಅಂದರೆ ಏನು ಬಲ್ಲೆ? ಮಾಡಬೇಕಾದ್ದನ್ನೆಲ್ಲ ಕಂಪ್ಯೂಟರಿಗೆ ಮೊದಲೇ ಬರೆದುಕೊಡುವುದು ಎಂದು ನೀನು ಹೇಳಿದ್ದನ್ನೇ ನಾನೂ ಹೇಳುತ್ತೇನೆ. ನಿನ್ನಪ್ಪ ಲಾಂಚು ಕಟ್ಟುವ ಯಾರ್ಡಿನಲ್ಲಿ ಜೀವಮಾನವೆಲ್ಲ ಕೂತು ಕಂಪ್ಯೂಟರಿನಲ್ಲಿ ಬರೆದ ನಕ್ಷೆಗಳು ಒಂದೊಂದಾಗಿ ತಾವೇ ತೆರೆದುಕೊಂಡವು, ಹಳೆಯ ಮಾಲೀಕರ ಹೆಸರು ಹೋಗಿ ಹೊಸಬರದು ಬಂತು, ದೊಡ್ಡ ಚಿಕ್ಕ ಅಕ್ಷರಗಳೆಲ್ಲ ಒಂದೇ ಅಳತೆಗೆ ಬಂದವು, ತಾವೇ ಮುಚ್ಚಿಕೊಂಡವು. ಕಾಣದ ಯಾರೋ ಕೂತು ಪುಟ ತಿರುವಿದ ಹಾಗೆ. ನೀನೋ ಆರಾಮಾಗಿ ಅನ್ನ ಬಡಿಸಿಕೊಳ್ಳುತ್ತಿದ್ದೆ. "ಒಂದು ಹಾಳೆ ತಿದ್ದೋಕೆ ನಾನು ಬೆಳಗಿಂದ ಕೂರ್ತಿದ್ದೆ, ಇವಳು ಊಟ ಮುಗ್ಸೋದ್ರೊಳಗೆ ಕಪಾಟನ್ನೇ ತಿದ್ದಿಬಿಟ್ಲು" ಎಂದು ಪಕ್ಕದ ಮನೆಯ ನೆನೆಟ್‌ಗೆ ನಿನ್ನಪ್ಪ ಎಷ್ಟು ಸಲ ಹೇಳಿದರೋ. "ಅವಳು ನಿಮ್ಮ ಹಾಗಲ್ಲ ಅಣ್ಣಾ, ಚುರುಕು" ಎಂದು ಅವಳು ರೇಗಿಸಿದರೂ ಬೇಜಾರಿಲ್ಲ. ನಕ್ಷೆ ಬರೆದವರ ಹೆಸರನ್ನು ಮಾತ್ರ ಮುಟ್ಟಬೇಡ ಎಂದು ನೀನು ಕಂಪ್ಯೂಟರಿಗೆ ಹೇಳಿಟ್ಟಿದ್ದೆಯಲ್ಲ, ಅದನ್ನು ಕಂಡು ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಗಾಜು ಸ್ವಚ್ಛವಾಗೇ ಇತ್ತು.

ಆಮೇಲೆ ನೀನೊಂದು ಮಾತು ಹೇಳಿದೆ. "ಇನ್ಮೇಲೆ ಗೆರೆ ಎಷ್ಟು ಉದ್ದ ಇದೆಯೋ ಅಳತೆ ಅಂಕಿನೂ ಅಷ್ಟೇ ತೋರ್ಸುತ್ತೆ ಅಪ್ಪ, ಕೈಯಾರೆ ಹಾಕಿದ್ದ ಅಂಕಿ ಎಲ್ಲಾ ಹೋಯ್ತು." ಅದನ್ನು ಕೇಳಿ ಅವರು ಎದ್ದು ಹುಂಜಕ್ಕೆ ಕಾಳು ಹಾಕಲು ಹೋದರು. ಅದಕ್ಕೆ ಆಗಲೇ ಹಾಕಿಯಾಗಿತ್ತು.

ಬಸ್ಸಿನವನ ಕೈಲಿ ಒಣಮೀನು ಕಳಿಸಿದ್ದೇನೆ, ಹುರಿಯುವಾಗ ಕಿಟಕಿ ತೆಗೆ, ಮನೆಯೊಡತಿ ಬೈದಾಳು. ರೂಮಿನ ಗೆಳತಿಯರಿಗೂ ಕೊಡು. ಬಾಲಯೇಸು ಸಾಂತೊ ನಿನ್ಯೊ ನಿನ್ನ ಕಣ್ಣು ಕೈ ಎರಡನ್ನೂ ಕಾಯಲಿ.

ನಿನ್ನ ಅಮ್ಮ,
ಎರ್ಲಿಂಡಾ

ಮತ್ತೆ: ಫೋನಿನಲ್ಲಿ ಹೇಳಲಾರೆ, ನಿನ್ನಪ್ಪ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ, ಅದಕ್ಕೇ ಕಾಗದವನ್ನು ಮೀನಿನ ಡಬ್ಬಿಯೊಳಗೆ ಇಟ್ಟಿದ್ದೇನೆ. ಡೋನ್ಯಾ ಫೆ ಲಾಂಚಿನ ಹಿಂಭಾಗದಲ್ಲಿ, ಅಪಾಯದಲ್ಲಿ ಜನ ಹೊರಬರುವ ಬಾಗಿಲಿದೆಯಲ್ಲ, ಅದು ಇಕ್ಕಟ್ಟು ಎಂದು ಕ್ಯಾಪ್ಟನ್ ಹೇಳಿದಾಗ ನಿನ್ನಪ್ಪ ಗೆರೆ ಸರಿಸಲಿಲ್ಲ, ಅಂಕಿ ಮಾತ್ರ ಹೆಚ್ಚಿಸಿದರು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಲಾಂಚಿನ ಕಬ್ಬಿಣದ ಪ್ಲೇಟು ಕತ್ತರಿಸುವವರು ಅಂಕಿ ನೋಡುತ್ತಿದ್ದರು, ಗೆರೆಯನ್ನು ಯಾರು ಅಳೆಯುತ್ತಿದ್ದರು? ಹಾಗಾಗಿ ಬಾಗಿಲು ಅಗಲವಾಗೇ ಬಂತು. ಈಗ ಅದೇ ನಕ್ಷೆಯಿಂದ ಇನ್ನೊಂದು ಲಾಂಚು ಕಟ್ಟುತ್ತಾರಂತೆ, ಸತ್ತವರ ಹಬ್ಬ ಕಳೆದ ಮೇಲೆ ಶುರು, ಕತ್ತರಿಸುವ ಯಂತ್ರ ಗೆರೆಯನ್ನೇ ನೋಡುತ್ತದಂತೆ. ನಿನ್ನ ಚಿಕ್ಕಮ್ಮ ಇನ್ನು ದ್ವೀಪದಿಂದ ದಿನಾ ಬರಬೇಕಾದ್ದು ಆ ಹೊಸ ಲಾಂಚಿನಲ್ಲೇ. ನೀವೇ ಮಗಳಿಗೆ ಹೇಳಿ ಎಂದರೆ, "ನನ್ನ ಹೆಸರು ಉಳಿಸಿದ್ದಾಳೆ, ಅದರ ಕೆಳಗೆ ಈ ತಪ್ಪು ಇದೆ ಅಂತ ಯಾವ ಬಾಯಲ್ಲಿ ಹೇಳ್ಲಿ" ಎನ್ನುತ್ತಾರೆ. ನಾನು ಬರೆದೆನೆಂದು ಹೇಳಬೇಡ. "ಅಪ್ಪ, ಈ ಬಾಗಿಲು ಎಷ್ಟು ಅಗಲ ಇರಬೇಕಿತ್ತು" ಎಂದು ನೀನೇ ಕೇಳು, ಹೇಳುತ್ತಾರೆ. ತಿದ್ದುವ ಮೊದಲಿನ ನಕ್ಷೆಗಳನ್ನು ಇಟ್ಟುಕೊಂಡಿದ್ದೀಯ ಅಲ್ಲವೆ? ಅದೊಂದು ಬಾಗಿಲನ್ನು ಇನ್ನೊಮ್ಮೆ ನೋಡು ಮಗಳೇ.